ಊರಿಂದಲೇ ಕೆಲಸಕ್ಕೆ ಸೇರುವ ಹೊಸಬರು: 30ನೇ ದಿನ ಖುಷಿ, 90ನೇ ದಿನ ಮೌನ. ಆನ್‌ಲೈನ್ ಆನ್‌ಬೋರ್ಡಿಂಗ್ (ಹೊಸಬರನ್ನು ಕೆಲಸಕ್ಕೆ ಹೊಂದಿಸುವ ಕ್ರಮ) ಎಲ್ಲಿ ಎಡವುತ್ತಿದೆ?

ಪ್ರಶ್ನೆ | ಕಡತ_ಕಾಮಾಕ್ಷಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಸಾಫ್ಟ್‌ವೇರ್ ಸರ್ವಿಸ್ ಕಂಪನಿಯ ಎಚ್‌ಆರ್ ವಿಭಾಗದಿಂದ ಕೇಳುತ್ತಿದ್ದೇನೆ. ಹೊಸದಾಗಿ ಸೇರುವವರಲ್ಲಿ ಬಹುಪಾಲು ಹುಬ್ಬಳ್ಳಿ, ದಾವಣಗೆರೆ, ಕಲಬುರಗಿ, ಮಂಗಳೂರು ಕಡೆಯವರು, ಊರಿನಲ್ಲಿದ್ದುಕೊಂಡೇ ಕೆಲಸ. ಅರ್ಧದಷ್ಟು ಜನ ಫ್ರೆಶರ್‌ಗಳು, ಉಳಿದವರಿಗೆ ಎರಡು ಮೂರು ವರ್ಷದ ಅನುಭವ.

ಈಗಿನ ಕ್ರಮ ಹೀಗಿದೆ. ಮೊದಲ ದಿನ ಹತ್ತರಿಂದ ಐದರವರೆಗೆ ವಿಡಿಯೋ ಕಾಲ್: ಕಂಪನಿ ಪರಿಚಯ, ಪಾಲಿಸಿ, ಸೆಕ್ಯುರಿಟಿ ಟ್ರೇನಿಂಗ್, ಫಾರಂ ತುಂಬಿಸುವುದು. ಎರಡನೇ ದಿನ ಟೂಲ್‌ಗಳ ಪರಿಚಯ. ಮೂರನೇ ದಿನ ಟೀಮಿಗೆ ಒಪ್ಪಿಸಿಬಿಡುತ್ತೇವೆ. ಎಲ್ಲರಿಗೂ ಒಬ್ಬ ಬಡ್ಡಿ (buddy, ದಾರಿ ತೋರಿಸುವ ಜೊತೆಗಾರ) ಇರುತ್ತಾರೆ, ಶುಕ್ರವಾರ ಸಂಜೆ ಆನ್‌ಲೈನ್ ಆಟ ಇರುತ್ತದೆ.

30ನೇ ದಿನದ ಸರ್ವೇಯಲ್ಲಿ ಹೊಗಳಿಕೆಯೋ ಹೊಗಳಿಕೆ. 90ನೇ ದಿನಕ್ಕೆ ಎಂಗೇಜ್‌ಮೆಂಟ್ (ಕೆಲಸದಲ್ಲಿನ ಆಸಕ್ತಿ) ಅಂಕ ದಡಕ್ಕನೆ ಬಿದ್ದಿರುತ್ತದೆ. ಕ್ಯಾಮೆರಾ ಆಫ್, ಮೀಟಿಂಗಿನಲ್ಲಿ ಮಾತಿಲ್ಲ, ಕೆಲವರು ಪ್ರೊಬೇಷನ್ ಮುಗಿಯುವ ಮೊದಲೇ ಹೊರಡುತ್ತಾರೆ. ಮೇಲಿನವರು "ಇನ್ನೊಂದೆರಡು ಆಕ್ಟಿವಿಟಿ ಹಾಕಿ" ಅನ್ನುತ್ತಿದ್ದಾರೆ. ಆಟ ಹೆಚ್ಚಿಸಿದರೆ ಇದು ಸರಿಹೋಗುತ್ತದೆ ಅಂತ ನನಗೆ ಅನ್ನಿಸುತ್ತಿಲ್ಲ. ಎಲ್ಲಿ, ಯಾವ ವಾರದಲ್ಲಿ ಏನು ಬದಲಿಸಬೇಕು? ಅಳೆಯುವ ರೀತಿಯೇ ತಪ್ಪಿದೆಯಾ? ಆಯಾ ಕೆಲಸ ಬಲ್ಲವರು ವಿವರವಾಗಿ ಹೇಳಿದರೆ ಉಪಕಾರ.

ಉತ್ತರ 1 | ಸರ್ವರ್_ಸಿದ್ದ

ಐಟಿ ಕಡೆಯಿಂದ ಎರಡು ಮಾತು. ಮೊದಲ ವಾರ ಹಾಳಾಗುವುದು ಬಹುತೇಕ ಲಾಗಿನ್‌ನಿಂದ.

ಹಳೇ ಪದ್ಧತಿಯಲ್ಲಿ ಡೊಮೇನ್‌ಗೆ (ಕಂಪನಿಯ ಒಳ ನೆಟ್‌ವರ್ಕ್ ವ್ಯವಸ್ಥೆಗೆ) ಸೇರಿಸಿದ ವಿಂಡೋಸ್ ಲ್ಯಾಪ್‌ಟಾಪ್‌ಗೆ ಹೊಸ ಬಳಕೆದಾರರು ಮೊದಲ ಸಲ ಲಾಗಿನ್ ಆಗುವಾಗ ಡೊಮೇನ್ ಕಂಟ್ರೋಲರ್ (ಪಾಸ್‌ವರ್ಡ್ ಪರೀಕ್ಷಿಸುವ ಕಂಪನಿಯ ಸರ್ವರ್) ಸಂಪರ್ಕಕ್ಕೆ ಸಿಗಲೇಬೇಕು. ಆಫೀಸಿನ ನೆಟ್‌ವರ್ಕ್‌ನಲ್ಲಿ ಸಿಗುತ್ತದೆ, ರಾಣೆಬೆನ್ನೂರಿನ ಮನೆಯ ವೈಫೈಯಲ್ಲಿ ಸಿಗುವುದಿಲ್ಲ. ವಿಪಿಎನ್ (ಮನೆಯಿಂದ ಕಂಪನಿಯ ನೆಟ್‌ವರ್ಕ್‌ಗೆ ಸುರಕ್ಷಿತ ದಾರಿ) ಹಾಕಿಕೊಳ್ಳಿ ಅಂದರೆ, ಲಾಗಿನ್ ಆದಮೇಲೆ ತಾನೇ ವಿಪಿಎನ್? ಒಂದೋ ಲಾಗಿನ್ ಪರದೆಗೂ ಮುಂಚೆ ಚಾಲೂ ಆಗುವ ವಿಪಿಎನ್ ಬೇಕು, ಇಲ್ಲವೇ ಯಂತ್ರವನ್ನು ಎಂಟ್ರಾ ಐಡಿಗೆ (ಮೈಕ್ರೋಸಾಫ್ಟ್‌ನ ಕ್ಲೌಡ್ ಲಾಗಿನ್ ವ್ಯವಸ್ಥೆ) ನೇರವಾಗಿ ಸೇರಿಸಿ ಆಟೋಪೈಲಟ್‌ನಲ್ಲಿ (ಲ್ಯಾಪ್‌ಟಾಪ್ ಇಂಟರ್ನೆಟ್ ಮೂಲಕ ತಾನೇ ಸಿದ್ಧವಾಗುವ ಸೌಲಭ್ಯ) ಕಳಿಸಬೇಕು. ಎರಡನೆಯದೇ ವಾಸಿ. ಎರಡೂ ಕಡೆ ಕಾಲಿಡುವ ಹೈಬ್ರಿಡ್ ಜೋಡಣೆ ಮನೆಯಿಂದ ಸೇರುವವರಿಗೆ ಬೇಡವೇ ಬೇಡ, ಅರ್ಧ ದಾರಿಯಲ್ಲಿ ನಿಂತು ಪರದೆ ಸುತ್ತುತ್ತಲೇ ಇರುತ್ತದೆ.

ಎರಡನೇ ಗಂಟು ಎಂಎಫ್‌ಎ, ಅಂದರೆ ಪಾಸ್‌ವರ್ಡ್ ಜೊತೆ ಮೊಬೈಲಿನಲ್ಲೂ ದೃಢೀಕರಿಸುವುದು. ಮೊಬೈಲ್ ನೋಂದಾಯಿಸಲು ಅಕೌಂಟ್‌ಗೆ ಹೋಗಬೇಕು, ಅಕೌಂಟ್‌ಗೆ ಹೋಗಲು ಮೊಬೈಲ್ ನೋಂದಣಿ ಆಗಿರಬೇಕು. ಮೈಕ್ರೋಸಾಫ್ಟ್ ವ್ಯವಸ್ಥೆ ಇದ್ದರೆ ಟೆಂಪರರಿ ಆಕ್ಸೆಸ್ ಪಾಸ್ (ತಾತ್ಕಾಲಿಕ ಪಾಸ್‌ಕೋಡ್) ಕೊಡಿ. ತಾನಾಗಿ ಒಂದು ಗಂಟೆ ಇರುತ್ತದೆ, 10 ನಿಮಿಷದಿಂದ 30 ದಿನದವರೆಗೆ ಬದಲಿಸಿಕೊಳ್ಳಬಹುದು, ಯಾವ ಹೊತ್ತಿಗೆ ಶುರುವಾಗಬೇಕು ಅಂತಲೂ ಹೇಳಬಹುದು. ಸೇರುವ ದಿನಕ್ಕೆ ಎಂಟು ಗಂಟೆ ಇಟ್ಟರೆ ಸಾಕು. ಅದನ್ನು ಖಾಸಗಿ ಜಿಮೇಲ್‌ಗೆ ಕಳಿಸಬೇಡಿ. ವಿಡಿಯೋದಲ್ಲಿ ಮುಖ ಮತ್ತು ಐಡಿ ನೋಡಿ, ಬಾಯಲ್ಲಿ ಓದಿ ಹೇಳಿ.

ಲ್ಯಾಪ್‌ಟಾಪ್ ಸಾಗಣೆ: ಕನಿಷ್ಠ ಏಳು ಕೆಲಸದ ದಿನ ಮುಂಚೆ ಹೊರಡಬೇಕು. ವಿಳಾಸ ಆಧಾರ್‌ನಿಂದ ಎತ್ತಿಕೊಳ್ಳಬೇಡಿ. ಹುಡುಗ ಧಾರವಾಡದ ಪಿಜಿಯಲ್ಲಿರುತ್ತಾನೆ, ಲ್ಯಾಪ್‌ಟಾಪ್ ಹಳ್ಳಿಯ ಮನೆಗೆ ಹೋಗಿರುತ್ತದೆ. ಡೆಲಿವರಿ ಚಲನ್ ಜೊತೆಗಿರಲಿ, ಅದರಲ್ಲಿ ಸೀರಿಯಲ್ ನಂಬರು ಮತ್ತು "ಮಾರಾಟಕ್ಕಲ್ಲ, ಉದ್ಯೋಗಿಯ ಬಳಕೆಗೆ" ಅನ್ನುವ ಸಾಲು ಇರಲಿ. ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಜಿಎಸ್‌ಟಿ ಸಾಗಣೆ ಪತ್ರ) ಕೇಳುತ್ತಾರೆ, ಅದಿಲ್ಲದ ಪೆಟ್ಟಿಗೆ ಗೋಡೌನಿನಲ್ಲೇ ಕೂರುತ್ತದೆ. ವಿಂಡೋಸ್ ಅಪ್‌ಡೇಟ್ ಎಲ್ಲ ಇಲ್ಲೇ ಮುಗಿಸಿ ಕಳಿಸಿ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಮೂರು ನಾಲ್ಕು ಜಿಬಿ ಇಳಿಸಲು ಹೊರಟರೆ ಅವತ್ತಿನ ಡೇಟಾ ಅಲ್ಲಿಗೇ ಖಲಾಸ್. ರೂಟರ್‌ಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಒಂದನ್ನು ಅದೇ ಪೆಟ್ಟಿಗೆಯಲ್ಲಿ ಹಾಕಿ. ಸಾವಿರದಿಂದ ಎರಡು ಸಾವಿರದ ವಸ್ತು. ಕರೆಂಟ್ ಹೋದಾಗಲೆಲ್ಲ ಮೀಟಿಂಗಿನಿಂದ ಬಿದ್ದುಹೋಗುವವರನ್ನು "ಆಸಕ್ತಿ ಇಲ್ಲದವರು" ಅಂತ ಎಣಿಸುವುದು ತಪ್ಪುತ್ತದೆ.

ಇನ್ನು ಆಕ್ಸೆಸ್, ಅಂದರೆ ಟೂಲ್‌ಗಳಿಗೆ ಪ್ರವೇಶ. "ಟೀಮಿನ ಇಂಥವರಿಗಿರುವುದನ್ನೆಲ್ಲ ಇವರಿಗೂ ಕೊಡಿ" ಅನ್ನುವ ಟಿಕೆಟ್ (ಕೆಲಸದ ಕೋರಿಕೆ) ಹಾಕುವುದನ್ನು ನಿಲ್ಲಿಸಿ. ಹುದ್ದೆಗೊಂದು ಪಟ್ಟಿ ಇಟ್ಟುಕೊಂಡು, ಸೇರುವ ಎರಡು ದಿನ ಮೊದಲೇ ಎಲ್ಲ ಕೊಟ್ಟು, ಒಂದೊಂದನ್ನೂ ತೆರೆದು ನೋಡಿ. ಆಫೀಸಿನಲ್ಲಾದರೆ ಆಕ್ಸೆಸ್ ಇಲ್ಲದವನು ಪಕ್ಕದ ಕುರ್ಚಿಯವರ ಪರದೆ ನೋಡುತ್ತಾ ಕೂರುತ್ತಾನೆ. ಮನೆಯಲ್ಲಿ ಅವನು ಗೋಡೆ ನೋಡುತ್ತಾನೆ.

ಉತ್ತರ 2 | ಪಗಾರದ_ಲೆಕ್ಕ

ಕಾಮಾಕ್ಷಿಯವರೇ, ಫಾರಂ ತುಂಬಿಸುವ ಕೆಲಸವನ್ನು ಮೊದಲ ದಿನದಿಂದ ಪೂರ್ತಿ ತೆಗೆದುಬಿಡಿ. ಆಫರ್ ಒಪ್ಪಿದ ದಿನದಿಂದ ಸೇರುವ ದಿನದವರೆಗೆ ಫ್ರೆಶರ್‌ಗಳ ಕೈಯಲ್ಲಿ ಬೇಕಾದಷ್ಟು ಸಮಯ ಇರುತ್ತದೆ.

ನಮ್ಮ ಕಡೆ ಮುಖ್ಯ ತಕರಾರು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಪ್ಯಾನ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲವಾದ್ದರಿಂದ ಅಪ್ಪನ ಹೆಸರೋ ಊರಿನ ಹೆಸರೋ ಪೂರ್ತಿಯಾಗಿ ಬಂದಿರುತ್ತದೆ. ಮೂರೂ ಒಂದೇ ವ್ಯಕ್ತಿ ಅಂತ ಪಿಎಫ್ ಪೋರ್ಟಲ್ ಒಪ್ಪುವುದಿಲ್ಲ. ಆಫರ್ ಕೊಟ್ಟ ವಾರವೇ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ, ತಿದ್ದಬೇಕಾದ್ದನ್ನು ಆಗಲೇ ಹೇಳಿ.

ಹೊಸ ಯುಎಎನ್ (ಪಿಎಫ್ ಖಾತೆಯ ಶಾಶ್ವತ ಸಂಖ್ಯೆ) 2025ರ ಆಗಸ್ಟ್ 1ರಿಂದ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಮುಖ ದೃಢೀಕರಣ ಮಾಡಿಯೇ ಆಗಬೇಕು. ವಿದೇಶಿ ಉದ್ಯೋಗಿಗಳು, ನೇಪಾಳ ಮತ್ತು ಭೂತಾನ್ ಪ್ರಜೆಗಳಂಥ ಕೆಲವರಿಗಷ್ಟೇ ವಿನಾಯಿತಿ. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಬೇಕು, ಆ ನಂಬರು ಎಷ್ಟೋ ಮನೆಗಳಲ್ಲಿ ಅಪ್ಪನದು! ಒಟಿಪಿ ಅಪ್ಪನ ಫೋನಿಗೆ, ಅಪ್ಪ ತೋಟದಲ್ಲಿ. ಇನ್ನೊಂದು: ಓದುವಾಗ ಎಲ್ಲೋ ಏಜೆನ್ಸಿ ಮೂಲಕ ದುಡಿದವರಿಗೆ ಆಗಲೇ ಯುಎಎನ್ ಇರಬಹುದು, ಅವರಿಗೇ ಗೊತ್ತಿರುವುದಿಲ್ಲ. "ಪಿಎಫ್ ಇತ್ತಾ" ಅಂತ ಕೇಳಿದರೆ "ಇಲ್ಲ" ಅನ್ನುತ್ತಾರೆ. "ಹಿಂದೆ ಸಂಬಳದಲ್ಲಿ ಏನಾದರೂ ಹಿಡಿದಿದ್ದರಾ" ಅಂತ ಕೇಳಿ.

ಇದಕ್ಕೂ ಎಂಗೇಜ್‌ಮೆಂಟ್‌ಗೂ ಏನು ಸಂಬಂಧ ಅಂದರೆ, ಮೊದಲ ಪೇಸ್ಲಿಪ್. ಆಫರ್ ಲೆಟರಿನ ಸಿಟಿಸಿಯನ್ನು (ಕಂಪನಿಗೆ ತಗಲುವ ವಾರ್ಷಿಕ ಒಟ್ಟು ವೆಚ್ಚ) 12ರಿಂದ ಭಾಗಿಸಿ ಮನೆಯಲ್ಲಿ ಹೇಳಿಯಾಗಿರುತ್ತದೆ. ಕೈಗೆ ಬರುವುದು ಬೇರೆ. ಕಂಪನಿ ಪಾಲಿನ ಪಿಎಫ್ ಮತ್ತು ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು) ಸಿಟಿಸಿಯೊಳಗೇ ಕೂತಿವೆ. ಅದರ ಮೇಲೆ ತಮ್ಮ ಪಾಲಿನ ಪಿಎಫ್, ಜೊತೆಗೆ 25,000 ರೂಪಾಯಿ ಮತ್ತು ಮೇಲ್ಪಟ್ಟ ಸಂಬಳಕ್ಕೆ ಕರ್ನಾಟಕದ ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300. ತಿಂಗಳ ಕೊನೆಯಲ್ಲಿ ಸೇರಿದವರ ಹೆಸರು ಪೇರೋಲ್ ಕಟ್‌ಆಫ್ ದಾಟಿದ್ದರೆ ಆ ತಿಂಗಳು ಸಂಬಳವೇ ಬರುವುದಿಲ್ಲ, ಮುಂದಿನ ತಿಂಗಳು ಸೇರಿಸಿ ಬರುತ್ತದೆ. ಆಫೀಸಿನಲ್ಲಾದರೆ ಕ್ಯಾಂಟೀನಿನಲ್ಲಿ ಯಾರೋ ಹೇಳಿಬಿಡುತ್ತಾರೆ. ಊರಿನಲ್ಲಿ ಕೂತವರಿಗೆ ಹೇಳುವವರಿಲ್ಲ, ಎಚ್‌ಆರ್‌ಗೆ ದುಡ್ಡಿನ ವಿಷಯ ಕೇಳಲು ಸಂಕೋಚ. ಆದ್ದರಿಂದ ಮಾದರಿ ಪೇಸ್ಲಿಪ್ ಒಂದನ್ನು ಅವರದೇ ಅಂಕಿ ಹಾಕಿ ಸೇರುವ ಮೊದಲೇ ಕಳಿಸಿ, ಮೊದಲ ಸಂಬಳ ಯಾವ ತಾರೀಕು ಅಂತ ಬರೆದು ತಿಳಿಸಿ.

ಗ್ರೂಪ್ ಇನ್ಶೂರೆನ್ಸ್‌ಗೆ ಅಪ್ಪ ಅಮ್ಮನ ಹೆಸರು ಸೇರಿಸಲು ಗಡುವು ಇರುತ್ತದೆ, ಸಾಮಾನ್ಯವಾಗಿ ಸೇರಿದ 30 ದಿನ. ಮೊದಲ ದಿನದ ಏಳು ಗಂಟೆ ಕಾಲ್‌ನಲ್ಲಿ ಐದನೇ ಗಂಟೆಗೆ ಹೇಳಿದ್ದು ಯಾರ ತಲೆಯಲ್ಲೂ ಉಳಿಯುವುದಿಲ್ಲ. ಹತ್ತನೇ ದಿನ ಇದೊಂದನ್ನೇ ಮೆಸೇಜ್ ಮಾಡಿ. ಹಾಗೇ, 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಆಂತರಿಕ ಸಮಿತಿಯ ಹೆಸರು ಮತ್ತು ನಂಬರುಗಳು ಆಫೀಸಿನ ನೋಟಿಸ್ ಬೋರ್ಡಿನಲ್ಲಿದ್ದರೆ ಮನೆಯಲ್ಲಿರುವ ಹುಡುಗಿಗೆ ಏನು ಬಂತು? ಚಾನೆಲ್‌ನಲ್ಲಿ ಪಿನ್ ಮಾಡಿ.

ಕಡತ_ಕಾಮಾಕ್ಷಿ

ಇಬ್ಬರಿಗೂ ಧನ್ಯವಾದ. ಪೇಸ್ಲಿಪ್ ವಿಷಯ ಈ ಕೋನದಿಂದ ಯೋಚಿಸಿರಲಿಲ್ಲ. ಆದರೆ ಲ್ಯಾಪ್‌ಟಾಪ್, ಪಿಎಫ್ ಎಲ್ಲ ಸರಿಯಾದವರೂ ಆರನೇ ವಾರಕ್ಕೆ ಮಂಕಾಗುತ್ತಾರೆ. ಮ್ಯಾನೇಜರ್‌ಗಳನ್ನು ಕೇಳಿದರೆ "ನಾವು ಕೇಳ್ತಾನೇ ಇರ್ತೀವಿ, ಎಲ್ಲ ಓಕೆ ಅಂತಾರೆ" ಅನ್ನುತ್ತಾರೆ.

ಉತ್ತರ 3 | ರಿವ್ಯೂ_ಬಾಕಿ

ಆ "ಓಕೆ"ಯಲ್ಲೇ ಇದೆ ಎಲ್ಲ.

"ಅರ್ಥ ಆಯ್ತಾ?" ಅಂತ ಕೇಳಿದರೆ ನಮ್ಮ ಹುಡುಗ ಹುಡುಗಿಯರು ಕೊಡುವ ಉತ್ತರ ಒಂದೇ: "ಆಯ್ತು ಸರ್." ಎದುರಿಗಿದ್ದರೆ ಮುಖ ನೋಡಿ ಗೊತ್ತಾಗುತ್ತದೆ. ಕಾಲ್‌ನಲ್ಲಿ ಗೊತ್ತಾಗುವುದಿಲ್ಲ. ಅದರ ಬದಲು "ಈಗ ಮೊದಲು ಯಾವ ಫೈಲ್ ತೆರೀತೀರಿ? ಸ್ಕ್ರೀನ್ ಶೇರ್ ಮಾಡಿ, ಶುರು ಮಾಡಿ, ನಾನು ಇರ್ತೀನಿ" ಅನ್ನಿ. ಹತ್ತು ನಿಮಿಷದಲ್ಲಿ ಎಲ್ಲಿ ಸಿಕ್ಕಿಕೊಂಡಿದ್ದಾರೆ ಅನ್ನುವುದು ಕಣ್ಣಿಗೆ ಬೀಳುತ್ತದೆ: ರೆಪೊ ಕ್ಲೋನ್ ಆಗಿಲ್ಲ (ಟೀಮಿನ ಕೋಡ್ ಅವರ ಯಂತ್ರಕ್ಕೆ ಇಳಿದಿಲ್ಲ), ಕಾನ್ಫಿಗ್ ಫೈಲ್ ಹಳೆಯದು, ಟಿಕೆಟ್‌ನಲ್ಲಿರುವ ಪದವೇ ಗೊತ್ತಿಲ್ಲ. ಮೂರು ದಿನ ಒಬ್ಬರೇ ಒದ್ದಾಡಿ, ನಾಲ್ಕನೇ ದಿನ ಸ್ಟ್ಯಾಂಡಪ್‌ನಲ್ಲಿ (ಟೀಮಿನ ದಿನದ ಚಿಕ್ಕ ಮೀಟಿಂಗ್) "ಇನ್ ಪ್ರೋಗ್ರೆಸ್" ಅಂದು ಸುಮ್ಮನಾಗುವುದು ಇಲ್ಲಿಂದಲೇ ಶುರು.

ಆಫೀಸಿನಲ್ಲಿ ಒಂದು ಸಣ್ಣ ಪ್ರಶ್ನೆ ಕೇಳಲು ಖರ್ಚೇ ಇಲ್ಲ. ಕುರ್ಚಿ ತಿರುಗಿಸಿದರೆ ಮುಗಿಯಿತು. ಆನ್‌ಲೈನ್‌ನಲ್ಲಿ ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು, ತಪ್ಪಿಲ್ಲವೇ ಅಂತ ಎರಡು ಸಲ ಓದಬೇಕು, ಕಳಿಸಬೇಕು, ಅವರು ನೋಡುವವರೆಗೆ ಕಾಯಬೇಕು. ಹಸಿರು ಚುಕ್ಕೆ ಇದ್ದೂ ಉತ್ತರ ಬರದಿದ್ದರೆ ಮತ್ತೊಮ್ಮೆ ಕೇಳುವ ಧೈರ್ಯ ಇರುವುದಿಲ್ಲ. ಆನ್‌ಲೈನ್ ಆನ್‌ಬೋರ್ಡಿಂಗ್‌ನಲ್ಲಿ ಸರಿಮಾಡಬೇಕಾದ್ದು ಈ ಖರ್ಚನ್ನು, ಶುಕ್ರವಾರದ ಆಟವನ್ನಲ್ಲ. ಶುಕ್ರವಾರ ಸಂಜೆ ಹೊಸಬರನ್ನು ಅಪರಿಚಿತರ ಜೊತೆ ಅಂತ್ಯಾಕ್ಷರಿ ಹಾಡಿಸುವುದು ಶಿಕ್ಷೆ ಅಂತ ನನ್ನ ಅಭಿಪ್ರಾಯ, ಬಿಡಿ.

ಮಾಡಬೇಕಾದ್ದು:

ಬಡ್ಡಿ "ಇದ್ದಾರೆ" ಅಂದರೆ ಸಾಲದು, ಕ್ಯಾಲೆಂಡರಿನಲ್ಲಿ ಇರಬೇಕು. ಮೊದಲ ವಾರ ದಿನಾ 15 ನಿಮಿಷ, ನಾಲ್ಕನೇ ವಾರದವರೆಗೆ ವಾರಕ್ಕೆ ಮೂರು ಸಲ, ಆಮೇಲೆ 90ನೇ ದಿನದವರೆಗೆ ವಾರಕ್ಕೊಮ್ಮೆ. ಮೈಕ್ರೋಸಾಫ್ಟ್ ತನ್ನ ಹೊಸಬರನ್ನು ಕೇಳಿದಾಗ, ಮೊದಲ 90 ದಿನದಲ್ಲಿ ಬಡ್ಡಿಯನ್ನು ಒಮ್ಮೆಯಾದರೂ ಭೇಟಿಯಾದವರಲ್ಲಿ 56 ಪ್ರತಿಶತ ಜನ, ಎಂಟಕ್ಕಿಂತ ಹೆಚ್ಚು ಸಲ ಭೇಟಿಯಾದವರಲ್ಲಿ 97 ಪ್ರತಿಶತ ಜನ, ಬೇಗ ಕೆಲಸಕ್ಕೆ ಹೊಂದಿಕೊಳ್ಳಲು ಬಡ್ಡಿ ನೆರವಾದರು ಅಂದಿದ್ದಾರೆ. ಬಡ್ಡಿ ಅದೇ ರೀತಿಯ ಕೆಲಸ ಮಾಡುವವರಾಗಿರಲಿ, ಅಪ್ರೈಸಲ್ ಬರೆಯುವವರಾಗಿರಬಾರದು. ಒಬ್ಬ ಬಡ್ಡಿಗೆ ಒಬ್ಬರೇ ಹೊಸಬರು. ಆ ಅವಧಿಯಲ್ಲಿ ಬಡ್ಡಿಯ ಸ್ಪ್ರಿಂಟ್‌ನಿಂದ (ಒಂದೆರಡು ವಾರಕ್ಕೆ ಹಂಚಿಕೊಂಡ ಕೆಲಸ) ಹತ್ತನೇ ಒಂದು ಭಾಗದಷ್ಟು ಕೆಲಸ ಇಳಿಸಿ. ಇಳಿಸದಿದ್ದರೆ ಎರಡನೇ ವಾರಕ್ಕೆ ಕಾಲ್ ರದ್ದಾಗಲು ಶುರುವಾಗುತ್ತದೆ, ಮೂರನೇ ವಾರಕ್ಕೆ ಬಡ್ಡಿ ಹೆಸರಿಗಷ್ಟೇ.

ಮೊದಲ ಕೆಲಸ ಚಿಕ್ಕದು, ಆದರೆ ನಿಜದ್ದಾಗಿರಲಿ. "ಡಾಕ್ಯುಮೆಂಟೇಷನ್ ಓದಿ" ಅನ್ನುವುದು ಕೆಲಸವಲ್ಲ. ಒಂದು ದೋಷ ಸಂದೇಶದ ಪದ ತಿದ್ದುವುದು, ಬಿಟ್ಟುಹೋದ ಒಂದು ಟೆಸ್ಟ್ ಬರೆಯುವುದು: ಐದು ಕೆಲಸದ ದಿನದೊಳಗೆ ಮುಗಿದು ಗ್ರಾಹಕರವರೆಗೆ ಹೋಗುವಂಥದ್ದು. ಅಂಥ ನಾಲ್ಕೈದು ಟಿಕೆಟ್‌ಗಳನ್ನು ಹೊಸಬರಿಗೆಂದೇ ಎತ್ತಿಟ್ಟಿರಬೇಕು, ಸೇರಿದಮೇಲೆ ಹುಡುಕುವುದಲ್ಲ. ಅವರ ಕೋಡ್ ರಿವ್ಯೂ (ಬರೆದದ್ದನ್ನು ಇನ್ನೊಬ್ಬರು ನೋಡುವುದು) ಅದೇ ದಿನ ಆಗಬೇಕು. ಮೊದಲ ಬದಲಾವಣೆ ಎರಡು ದಿನ ಯಾರೂ ನೋಡದೆ ಬಿದ್ದಿದ್ದರೆ ಅದಕ್ಕಿಂತ ಸ್ಪಷ್ಟವಾದ ಸಂದೇಶ ಬೇಕಾ?

ಪ್ರಶ್ನೆಗೆ ಒಂದು ತೆರೆದ ಚಾನೆಲ್ ಇರಲಿ, ಮತ್ತು ಅಲ್ಲಿ ಮೊದಲು ಸೀನಿಯರ್‌ಗಳೇ ಸಣ್ಣ ಪ್ರಶ್ನೆ ಕೇಳಲಿ. ಕನ್ನಡದಲ್ಲಿ, ಕಂಗ್ಲಿಷ್‌ನಲ್ಲಿ, ವಾಯ್ಸ್ ನೋಟ್‌ನಲ್ಲಿ ಕೇಳಬಹುದು ಅಂತ ಬರೆದೇ ಹಾಕಿ. ದಿನಾ ಮಧ್ಯಾಹ್ನ ಅರ್ಧ ಗಂಟೆ ಒಬ್ಬ ಸೀನಿಯರ್ ಕಾಲ್ ತೆರೆದು ತಮ್ಮ ಕೆಲಸ ಮಾಡುತ್ತಾ ಕೂತಿರಲಿ. ಅಜೆಂಡಾ ಬೇಡ, ಬಂದವರು ಕೇಳುತ್ತಾರೆ, ಇಲ್ಲದಿದ್ದರೆ ಇಲ್ಲ.

ಮ್ಯಾನೇಜರ್‌ಗೆ ದೊಡ್ಡ ಕೈಪಿಡಿ ಕಳಿಸಬೇಡಿ, ಓದುವುದಿಲ್ಲ. ಗೂಗಲ್ ಮಾಡಿದ್ದು ಇಷ್ಟೇ: ಹೊಸಬರು ಸೇರುವ ಹಿಂದಿನ ದಿನ ಮ್ಯಾನೇಜರ್‌ಗೆ ಐದು ಅಂಶದ ಒಂದು ಮೇಲ್. ಕೆಲಸ ಏನು ಅಂತ ಮಾತಾಡಿ, ಬಡ್ಡಿ ಕೊಡಿ, ಜನರ ಪರಿಚಯ ಮಾಡಿಸಿ, ಆರು ತಿಂಗಳು ತಿಂಗಳಿಗೊಮ್ಮೆ ವಿಚಾರಿಸಿ, ಮುಕ್ತವಾಗಿ ಮಾತಾಡಲು ಬಿಡಿ. ಹೊಸಬರು ಪೂರ್ಣ ಪ್ರಮಾಣದಲ್ಲಿ ಕೆಲಸಕ್ಕಿಳಿಯುವ ಸಮಯ ಇದರಿಂದ ಕಾಲು ಭಾಗ ಕಡಿಮೆಯಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. "ಜನರ ಪರಿಚಯ" ಅನ್ನುವುದನ್ನು ಮಾತ್ರ ನೀವು ಹೆಸರು ಸಮೇತ ಕೊಡಿ: ಟೀಮಿನ ಹೊರಗಿನ ಐದು ಜನ, ಒಬ್ಬೊಬ್ಬರನ್ನೂ ಏನು ಕೇಳಬೇಕು ಅನ್ನುವ ಒಂದು ಸಾಲು, ನಾಲ್ಕು ವಾರದೊಳಗೆ. ಅಮೆರಿಕದಲ್ಲಿ 2020ರ ಮೊದಲ ಆರು ತಿಂಗಳಲ್ಲಿ ಮೈಕ್ರೋಸಾಫ್ಟ್‌ನ 61 ಸಾವಿರಕ್ಕೂ ಹೆಚ್ಚು ಉದ್ಯೋಗಿಗಳ ಸಂಪರ್ಕಗಳನ್ನು ಅಧ್ಯಯನ ಮಾಡಿದಾಗ ಕಂಡದ್ದೂ ಇದೇ: ಎಲ್ಲರೂ ಮನೆ ಸೇರಿದಮೇಲೆ ಗುಂಪುಗಳ ನಡುವಿನ ಕೊಂಡಿ ಕಡಿಮೆಯಾಗಿ, ಅವರವರ ಗುಂಪಿನೊಳಗಿನ ಮಾತಷ್ಟೇ ಬಿಗಿಯಾಯಿತು. ಹಳಬರಿಗಾದರೆ ಹಳೇ ಪರಿಚಯದ ಬಂಡವಾಳ ಇದೆ. ಹೊಸಬರಿಗೆ ಅದೂ ಇಲ್ಲ.

ಉತ್ತರ 4 | ಸರಾಸರಿ_ಸುಳ್ಳು

@ರಿವ್ಯೂ_ಬಾಕಿ ಹೇಳಿದ ಮೈಕ್ರೋಸಾಫ್ಟ್ ಬಡ್ಡಿ ಅಂಕಿಯನ್ನು ಸ್ವಲ್ಪ ಎಚ್ಚರದಿಂದ ಬಳಸಿ. ಬಡ್ಡಿ ಸರಿಯಿದ್ದರೆ ಹೆಚ್ಚು ಸಲ ಭೇಟಿಯಾಗುತ್ತಾರೆ, ಹೊಗಳುತ್ತಾರೆ ಕೂಡ. ಭೇಟಿಯೇ ಕಾರಣ ಅಂತ ಅದರಿಂದ ಸಾಬೀತಾಗುವುದಿಲ್ಲ. ಸಲಹೆ ಸರಿಯಾಗಿದೆ, ಪುರಾವೆ ಅಷ್ಟು ಗಟ್ಟಿಯಿಲ್ಲ.

ಈಗ ನಿಮ್ಮ ಸರ್ವೇ. 30ನೇ ದಿನ ಏನು ಕೇಳುತ್ತೀರಿ? "ಸ್ವಾಗತ ಹೇಗಿತ್ತು, ಸೆಷನ್ ಚೆನ್ನಾಗಿತ್ತಾ" ಅಂತಾದರೆ ಅದು ಎಚ್‌ಆರ್‌ಗೆ ಕೊಟ್ಟ ಅಂಕ. 90ನೇ ದಿನ ಕೇಳುವುದು ಕೆಲಸದ ಬಗ್ಗೆ, ಅದು ಮ್ಯಾನೇಜರ್‌ಗೆ ಕೊಟ್ಟ ಅಂಕ. ಎರಡು ಬೇರೆ ವಸ್ತುಗಳನ್ನು ಒಂದೇ ಗೆರೆಯಲ್ಲಿ ಜೋಡಿಸಿ "ಬಿತ್ತು" ಅನ್ನುತ್ತಿದ್ದೀರಿ. ಜೊತೆಗೆ ಹೊಸ ಕೆಲಸದ ಆರಂಭದಲ್ಲಿ ತೃಪ್ತಿ ಏರಿ ಆಮೇಲೆ ಇಳಿಯುವುದು ಆಫೀಸಿಗೆ ಹೋಗಿ ಸೇರುವವರಲ್ಲೂ ಇದೆ. ಆದ್ದರಿಂದ ಇಳಿದಿದೆಯಾ ಅನ್ನುವುದಕ್ಕಿಂತ, ಊರಿಂದ ಸೇರಿದವರಲ್ಲಿ ಆಫೀಸಿನಲ್ಲಿ ಸೇರಿದವರಿಗಿಂತ ಹೆಚ್ಚು ಇಳಿದಿದೆಯಾ ಅಂತ ನೋಡಿ.

15, 45, 90ನೇ ದಿನ ಇವೇ ಪ್ರಶ್ನೆಗಳನ್ನು ಪದ ಬದಲಿಸದೆ ಕೇಳಿ: ಈ ವಾರ ನನ್ನಿಂದ ಏನು ನಿರೀಕ್ಷೆ ಇದೆ ಅಂತ ಗೊತ್ತು. ಕೆಲಸಕ್ಕೆ ಬೇಕಾದ ಆಕ್ಸೆಸ್, ಸಲಕರಣೆ ಎಲ್ಲ ಇದೆ. ಸಿಕ್ಕಿಕೊಂಡರೆ ಯಾರನ್ನು ಕೇಳಬೇಕು ಗೊತ್ತು. ಕಳೆದ ವಾರ ನನ್ನ ಕೆಲಸದ ಬಗ್ಗೆ ಯಾರಾದರೂ ಅಭಿಪ್ರಾಯ ಹೇಳಿದರು. ಇನ್ನೊಂದು ವರ್ಷ ಇಲ್ಲೇ ಇರುವ ಮನಸ್ಸಿದೆ. ಐದೇ ಸಾಕು. ಕೆಲಸದಲ್ಲಿನ ಲವಲವಿಕೆಯನ್ನೇ ಅಳೆಯಬೇಕಿದ್ದರೆ ಯೂಟ್ರೆಕ್ಟ್ ಮಾಪನದ ಮೂರು ಪ್ರಶ್ನೆಯ ಆವೃತ್ತಿ ಇದೆ, 17 ಪ್ರಶ್ನೆಯದು ಹೊಸಬರ ಮೇಲೆ ಹೇರಬೇಡಿ.

ಗುಂಪು ಐದಕ್ಕಿಂತ ಕಡಿಮೆಯಿದ್ದರೆ ಮ್ಯಾನೇಜರ್‌ಗೆ ಫಲಿತಾಂಶ ತೋರಿಸಬೇಡಿ. ಟೀಮಿನಲ್ಲಿ ಹೊಸಬರು ಇಬ್ಬರೇ ಇದ್ದಾಗ ಹೆಸರಿಲ್ಲದ ಸರ್ವೇ ಅನ್ನುವುದು ಬರೀ ಮಾತು. ಅದು ಅವರಿಗೂ ಗೊತ್ತು, ಅದಕ್ಕೇ ಹೊಗಳಿಕೆ. ಸಣ್ಣ ಗುಂಪಿನಲ್ಲಿ ಸರಾಸರಿ 4.2ರಿಂದ 3.8 ಆಯಿತು ಅಂತ ಪ್ರೆಸೆಂಟೇಷನ್ ಮಾಡುವುದೂ ಬೇಡ, ಒಬ್ಬರ ಮೂಡ್ ಸಾಕು ಅಷ್ಟು ಅಲುಗಾಡಿಸಲು. ಆರು ತಿಂಗಳ ಸೇರ್ಪಡೆಗಳನ್ನು ಒಟ್ಟುಗೂಡಿಸಿ ನೋಡಿ.

ಮತ್ತೊಂದು, 90ನೇ ದಿನದ ಸರ್ವೇಗೆ ಉತ್ತರಿಸುವವರು ಉಳಿದವರು. ಹೋದವರು ಆ ಲೆಕ್ಕದಲ್ಲೇ ಇಲ್ಲ, ಅಂದರೆ ನಿಜ ಸ್ಥಿತಿ ನಿಮ್ಮ ಅಂಕಿಗಿಂತ ಕೆಟ್ಟದ್ದಿರಬಹುದು. ಹೋದವರ 15ನೇ ದಿನದ ಉತ್ತರವನ್ನು ತೆಗೆದು ನೋಡಿ. ಯಾವ ಪ್ರಶ್ನೆಯಲ್ಲಿ ಅವರು ಉಳಿದವರಿಗಿಂತ ಬೇರೆಯಾಗಿದ್ದರು ಅನ್ನುವುದು ಸಿಕ್ಕರೆ, ಮುಂದಿನ ಬ್ಯಾಚ್‌ಗೆ ಅದೇ ಎಚ್ಚರಿಕೆ ಗಂಟೆ.

ಸರ್ವೇ ಹೊರತಾಗಿ ತಾರೀಕುಗಳನ್ನು ಬರೆದಿಡಿ: ಎಲ್ಲ ಆಕ್ಸೆಸ್ ಸಿಕ್ಕ ದಿನ, ಮೊದಲ ಕೆಲಸ ಮುಗಿದ ದಿನ, ರದ್ದಾದ ಬಡ್ಡಿ ಕಾಲ್‌ಗಳು. ಇವಕ್ಕೆ ಯಾರ ಅಭಿಪ್ರಾಯವೂ ಬೇಕಿಲ್ಲ. ಕ್ಯಾಮೆರಾ ಆನ್ ಇತ್ತಾ, ಮೌಸ್ ಅಲ್ಲಾಡಿತಾ ಅಂತ ಎಣಿಸುವ ಸಾಫ್ಟ್‌ವೇರ್ ಕಡೆ ಹೋಗಬೇಡಿ. ಒಂದೇ ಕೋಣೆಯಲ್ಲಿ ತಂಗಿ ಓದುತ್ತಿರುತ್ತಾಳೆ, ಹಿಂದೆ ಅಮ್ಮ ಓಡಾಡುತ್ತಿರುತ್ತಾರೆ, ಕ್ಯಾಮೆರಾ ಆಫ್ ಅನ್ನುವುದು ಎಂಗೇಜ್‌ಮೆಂಟ್‌ನ ಅಳತೆಯಲ್ಲ.

ಉತ್ತರ 5 | ಹೆಡ್‌ಸೆಟ್

ಪುರಾವೆ ಕೇಳಿದ್ದಕ್ಕೆ: ಲಾಟರಿ ಎತ್ತಿದಂತೆ ಹೊಸಬರನ್ನು ಬೇರೆ ಬೇರೆ ಬಗೆಯ ಪರಿಚಯ ಕಾರ್ಯಕ್ರಮಗಳಿಗೆ ಹಂಚಿ ನೋಡಿದ ಪ್ರಯೋಗ ಬೆಂಗಳೂರು ಮೂಲದ ವಿಪ್ರೋ ಕಂಪನಿಯ ಬಿಪಿಒದಲ್ಲೇ (ಬೇರೆ ಕಂಪನಿಗಳ ಗ್ರಾಹಕ ಸೇವೆ ನೋಡಿಕೊಳ್ಳುವ ವಿಭಾಗ) ನಡೆದಿದೆ, 2013ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮಾಮೂಲಿ ತರಬೇತಿ. ಇನ್ನೊಂದಕ್ಕೆ ಅದರ ಜೊತೆ ಒಂದು ಗಂಟೆ ಕಂಪನಿಯ ಹಿರಿಮೆಯ ಮಾತು, ಕಂಪನಿ ಹೆಸರಿನ ಸ್ವೆಟ್‌ಶರ್ಟ್. ಮೂರನೆಯದಕ್ಕೆ ಒಂದು ಗಂಟೆ "ನಿಮ್ಮ ಬಲ ಏನು, ಅದನ್ನು ಈ ಕೆಲಸಕ್ಕೆ ಹೇಗೆ ತರುತ್ತೀರಿ" ಅನ್ನುವ ಚಿಂತನೆ, ತಮ್ಮದೇ ಹೆಸರಿನ ಸ್ವೆಟ್‌ಶರ್ಟ್. ಮೂರನೇ ಗುಂಪಿನವರು ಕೆಲಸ ಬಿಟ್ಟದ್ದು ಕಡಿಮೆ, ಅವರ ಗ್ರಾಹಕರ ತೃಪ್ತಿಯೂ ಮಾಮೂಲಿ ಗುಂಪಿಗಿಂತ ಹೆಚ್ಚು.

ಅದು ಎದುರಾಎದುರು ನಡೆದದ್ದು ಅನ್ನುವುದು ನೆನಪಿರಲಿ. ಆದರೆ ಆ ಒಂದು ಗಂಟೆಯನ್ನು ವಿಡಿಯೋಗೆ ತರುವುದು ಕಷ್ಟವಿಲ್ಲ: ಒಂದು ಬ್ಯಾಚಿಗೆ ಎಂಟು ಜನ ಮೀರಬಾರದು, ಮೊದಲು ಒಬ್ಬೊಬ್ಬರೇ ಕಾಗದದ ಮೇಲೆ ಬರೆಯಲಿ, ಆಮೇಲೆ ಇಬ್ಬಿಬ್ಬರಾಗಿ ಮಾತಾಡಲಿ, ಕೊನೆಗೆ ಎಲ್ಲರ ಮುಂದೆ. ಮೊದಲೇ ಎಲ್ಲರ ಮುಂದೆ ಮಾತಾಡಿ ಅಂದರೆ ಇಂಗ್ಲಿಷ್ ಚೆನ್ನಾಗಿರುವ ಇಬ್ಬರೇ ಮಾತಾಡುತ್ತಾರೆ. ನಿಮ್ಮ ಮೊದಲ ದಿನದ ಏಳು ಗಂಟೆಯನ್ನು ಮೂರಕ್ಕಿಳಿಸಿ, ಅದರಲ್ಲಿ ಒಂದು ಇದಕ್ಕಿರಲಿ. ಕಂಪನಿಯ ಇತಿಹಾಸ ರೆಕಾರ್ಡಿಂಗ್ ಮಾಡಿ ಕೊಟ್ಟರಾಯಿತು.

ಕಡತ_ಕಾಮಾಕ್ಷಿ

ಇಷ್ಟೆಲ್ಲ ಸಿಗುತ್ತದೆ ಅಂದುಕೊಂಡಿರಲಿಲ್ಲ. ಕೊನೆಯ ಪ್ರಶ್ನೆ: ಹೊಸಬರನ್ನು ಒಮ್ಮೆ ಬೆಂಗಳೂರಿಗೆ ಕರೆಸಲು ಸ್ವಲ್ಪ ಬಜೆಟ್ ಸಿಗಬಹುದು. ಸೇರುವ ದಿನವೇ ಕರೆಸೋಣವೇ?

ಉತ್ತರ 6 | ರಿವ್ಯೂ_ಬಾಕಿ

ಬೇಡ. ಮೊದಲ ದಿನ ಕರೆಸಿದರೆ ಐಡಿ ಕಾರ್ಡು, ಫೋಟೋ, ಪಾಲಿಸಿ ಇಷ್ಟರಲ್ಲೇ ದಿನ ಹೋಗುತ್ತದೆ, ಯಾರನ್ನು ಏನು ಕೇಳಬೇಕು ಅನ್ನುವುದೂ ಅವರಿಗೆ ಗೊತ್ತಿರುವುದಿಲ್ಲ. ನಾಲ್ಕನೇ ವಾರದಲ್ಲಿ ಕರೆಸಿ, ಮಂಗಳವಾರದಿಂದ ಗುರುವಾರ. ಅಷ್ಟರಲ್ಲಿ ಒಂದೆರಡು ಕೆಲಸ ಮುಗಿದಿರುತ್ತದೆ, ಸಿಕ್ಕಿಕೊಂಡ ಜಾಗಗಳಿರುತ್ತವೆ, ಚಾಟ್‌ನಲ್ಲಿ ನೋಡಿದ ಹೆಸರುಗಳಿಗೆ ಮುಖ ಸೇರುತ್ತದೆ. ಆ ಮೂರು ದಿನ ಬಡ್ಡಿಯೂ ಮ್ಯಾನೇಜರೂ ಆಫೀಸಿನಲ್ಲಿರುತ್ತಾರಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಕಲಬುರಗಿಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದವರನ್ನು ಖಾಲಿ ಫ್ಲೋರಿನಲ್ಲಿ ಕೂರಿಸಿ, ಅದೇ ಮ್ಯಾನೇಜರ್ ಜೊತೆ ವಿಡಿಯೋ ಕಾಲ್ ಮಾಡಿಸುವ ಪ್ರಸಂಗ ಬೇಡ. ಮೊದಲ ದಿನ ಮಧ್ಯಾಹ್ನದವರೆಗೆ ಮೀಟಿಂಗ್ ಇಡಬೇಡಿ. ಉಳಿದ ಹೊತ್ತು ಇಬ್ಬರು ಒಂದೇ ಪರದೆ ಮುಂದೆ ಕೂತು ನಿಜವಾದ ಟಿಕೆಟ್ ಮಾಡಲಿ.

ಉತ್ತರ 7 | ಪಗಾರದ_ಲೆಕ್ಕ

ಟಿಕೆಟ್ ಮತ್ತು ರೂಮ್ ಕಂಪನಿಯೇ ಬುಕ್ ಮಾಡಲಿ, ಊಟ ಮತ್ತು ಆಟೋಗೆ ಅಡ್ವಾನ್ಸ್ ಹೊರಡುವ ಮೊದಲೇ ಅಕೌಂಟ್‌ಗೆ ಹಾಕಿ. "ಬಿಲ್ ಕೊಡಿ, ಮುಂದಿನ ತಿಂಗಳು ಬರುತ್ತೆ" ಅಂದರೆ, ಇನ್ನೂ ಮೊದಲ ಸಂಬಳ ನೋಡದ ಫ್ರೆಶರ್ ಮನೆಯಲ್ಲಿ ಸಾಲ ಕೇಳಬೇಕಾಗುತ್ತದೆ, ಇಲ್ಲವೇ ಹುಷಾರಿಲ್ಲ ಅಂತ ಹೇಳಿ ಬರುವುದನ್ನೇ ತಪ್ಪಿಸುತ್ತಾನೆ. ರೂಮ್ ಆಫೀಸಿನಿಂದ ನಡೆದು ಹೋಗುವಷ್ಟು ಹತ್ತಿರ ಇರಲಿ. ಹುಡುಗಿಯರಿದ್ದರೆ ವಿಳಾಸ, ಅಲ್ಲಿ ಸಂಪರ್ಕಿಸಬೇಕಾದ ಮಹಿಳಾ ಸಹೋದ್ಯೋಗಿಯ ನಂಬರು ಎರಡನ್ನೂ ಮನೆಯವರಿಗೆ ತೋರಿಸುವಂತೆ ಒಂದೇ ಮೇಲ್‌ನಲ್ಲಿ ಬರೆದು ಕಳಿಸಿ. ಆ ಮೇಲ್ ಕನ್ನಡದಲ್ಲಿರಲಿ, ಅದನ್ನು ಓದುವವರು ಅಪ್ಪ ಅಮ್ಮ.